ತೋಳ್ಬಲ ಸಾಲದು, ತಿಥಿ ನೋಡಿ ಹುಟ್ಟು ಹಾಕಿ

ಬಸ್ಸು ಹೊನ್ನಾವರದ ಶರಾವತಿ ಸೇತುವೆ ಏರಿತೆಂದರೆ ಸಾಕು, ತೂಕಡಿಸುತ್ತಿದ್ದವರೂ ಒಮ್ಮೆ ಕಣ್ಣು ಬಿಟ್ಟು ಕಿಟಕಿಯಾಚೆ ನೋಡುತ್ತಾರೆ. ದಿವಗಿ ಸೇತುವೆಯಲ್ಲಿ ಅಘನಾಶಿನಿ, ಕೋಡಿಬಾಗದಲ್ಲಿ ಕಾಳಿ, ಎಲ್ಲ ಕಡೆಯೂ ಇದೇ ಕತೆ. ನಮ್ಮ ಜಿಲ್ಲೆಯಲ್ಲಿ ದಿನಾ ಕೆಲಸಕ್ಕೆ ಓಡಾಡುವವರಿಗೆ ಪುಕ್ಕಟೆ ಸಿಗುವ ನೋಟ ಅಂದರೆ ಅದೊಂದೇ. ಹಿಂದೆ ಕೆಳಗೆ ಕಾಣುತ್ತಿದ್ದದ್ದು ಬಲೆ ಬಿಡುವ ಪಾತಿ ದೋಣಿ, ಸೊಂಟದ ತನಕ ನೀರಲ್ಲಿ ನಿಂತು ಬಳಚು ಆಯುವ ಹೆಂಗಸರು. ಈಗ ಅವುಗಳ ಜೊತೆಗೆ ಹಳದಿ, ಕೆಂಪು ಬಣ್ಣದ ಇನ್ನೊಂದು ಸಾಮಾನು ಹಿನ್ನೀರಿಗೆ ಇಳಿದಿದೆ. ಉದ್ದಕ್ಕೆ ಬಾಳೆಕಾಯಿಯ ಹಾಗೆ, ನಡುವೆ ಒಬ್ಬನೇ ಕೂತಿರುತ್ತಾನೆ, ಎರಡು ತುದಿಗೂ ಎಲೆ ಇರುವ ಹುಟ್ಟನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅದ್ದುತ್ತ ಹೋಗುತ್ತಾನೆ. ಅದಕ್ಕೆ ಕಯಾಕ್ ಅನ್ನುತ್ತಾರೆ.

ಮೂಲ ನಮ್ಮದಲ್ಲ. ಉತ್ತರ ಧ್ರುವದ ಕಡೆಯ ಇನೂಯಿಟ್ ಜನ ಮರದ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡಿಕೊಂಡ ಬೇಟೆಯ ದೋಣಿ ಅದು. ಒಬ್ಬನಿಗೆ ಒಂದು. ಈಗಿನದು ಪ್ಲಾಸ್ಟಿಕ್. ಒಂದಾಳು ಹೇಗೋ ಎಳೆದು ದಡಕ್ಕೆ ತರುವಷ್ಟು ಭಾರ, ಗೇಣುದ್ದ ನೀರಿದ್ದರೂ ತೇಲುತ್ತದೆ. ಯಂತ್ರ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಕಾಂಡ್ಲಾ ಕಾಡಿನ ಸಣ್ಣ ಕವಲಿನೊಳಗೆ ನುಸುಳಿದರೆ ಮಿಂಚುಳ್ಳಿ ಹಾರಿಹೋಗುವುದಿಲ್ಲ, ಏಡಿ ಬಿಲಕ್ಕೆ ಓಡುವುದಿಲ್ಲ. ಒಬ್ಬನೇ ಹೋಗಬೇಕು ಅನ್ನುವ ಆಸೆ ಹುಟ್ಟಿದರೆ ತಪ್ಪೇನಿಲ್ಲ. ದಿನವಿಡೀ ಗಿರಾಕಿಗಳ ಜೊತೆ ತಲೆ ಚಚ್ಚಿಕೊಂಡ ಅಂಗಡಿಕಾರನಿಗೆ ಎರಡು ಗಂಟೆ ಯಾರ ದನಿಯೂ ಕೇಳದ ಜಾಗ ಸಿಕ್ಕರೆ ಬೇಡ ಅಂತಾನೆಯೇ?

ಆದರೆ ಒಂಟಿಯಾಗಿ ಹೋಗುವವರಲ್ಲಿ ಬಹಳ ಜನ ಒಂದು ತಪ್ಪು ಎಣಿಕೆಯಲ್ಲಿದ್ದಾರೆ. ತೋಳಲ್ಲಿ ಕಸುವಿದ್ದರೆ, ಈಜು ಬಂದರೆ, ಜಾಕೆಟ್ ತೊಟ್ಟರೆ ಮುಗಿಯಿತು ಅಂತ. ಅದೆಲ್ಲ ಬೇಕು ಸರಿ. ಆದರೆ ನಮ್ಮ ಹಿನ್ನೀರಿನಲ್ಲಿ ದೋಣಿಯನ್ನು ಎಲ್ಲಿಗೆ ಒಯ್ಯಬೇಕೆಂದು ತೀರ್ಮಾನ ಮಾಡುವುದು ತೋಳಲ್ಲ ಸ್ವಾಮಿ, ಚಂದ್ರ. ಹೊಳೆ ಅಂತ ಕರೆಯುತ್ತೇವೆ ನಿಜ, ಆದರೆ ಸೇತುವೆಯಿಂದ ಕಾಣುವ ಆ ನೀರು ಅರ್ಧ ಕಡಲು. ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಅಘನಾಶಿನಿಯಲ್ಲಿ ಭರತದ ನೀರು ತದಡಿ, ಮಿರ್ಜಾನ ದಾಟಿ ಉಪ್ಪಿನಪಟ್ಟಣದ ತನಕ ಏರುತ್ತದೆ. ಆ ಊರಿನ ಹೆಸರಿನಲ್ಲೇ ಉಪ್ಪಿದೆ.

ಹಳಬರು ಇದನ್ನೇ ನಂಬಿ ವ್ಯಾಪಾರ ಮಾಡಿದವರು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲಕ್ಕೆ, ಅಂದರೆ 16ನೇ ಶತಮಾನದಲ್ಲಿ, ಈ ಹೊಳೆಗಳ ಮೇಲೆ ಕಾಳುಮೆಣಸು ಕಡಲಿಗೆ ಇಳಿಯುತ್ತಿತ್ತು. ಪೋರ್ಚುಗೀಸರು ಆಕೆಗೆ ಮೆಣಸಿನ ರಾಣಿ ಅಂತಲೇ ಹೆಸರಿಟ್ಟರು. ಆಗ ಯಂತ್ರ ಎಲ್ಲಿತ್ತು? ಭರತ ಏರುವಾಗ ಒಳಗೆ, ಇಳಿಯುವಾಗ ಹೊರಗೆ, ಇದೇ ಲೆಕ್ಕ. ನೀರಿನ ಎದುರು ಹುಟ್ಟು ಹಾಕಿ ಬೆವರು ಸುರಿಸುವವನು ಲಾಭ ಕಾಣಲಾರ.

ಲೆಕ್ಕವನ್ನು ಅಂಗಡಿ ಭಾಷೆಯಲ್ಲೇ ಹೇಳೋಣ. ಭರತ ತುಂಬಿದ ಮೇಲೆ ಪೂರ್ತಿ ಇಳಿಯಲಿಕ್ಕೆ ಸರಿಸುಮಾರು 6 ಗಂಟೆ. ಇಳಿಯುವ ನೀರನ್ನು ಒಂದು ಡಜನ್ ಬಾಳೆಹಣ್ಣು ಅಂದುಕೊಳ್ಳಿ. ಮೊದಲ ಗಂಟೆಯಲ್ಲಿ ಖರ್ಚಾಗುವುದು 1. ಎರಡನೆಯದರಲ್ಲಿ 2. ಮೂರನೆಯ ಗಂಟೆ 3, ನಾಲ್ಕನೆಯ ಗಂಟೆ ಮತ್ತೆ 3. ಐದನೆಯದು 2, ಆರನೆಯದು 1. ಅಂದರೆ ಅರ್ಧ ಡಜನ್ ಹಣ್ಣು ನಡುವಿನ ಎರಡೇ ಗಂಟೆಯಲ್ಲಿ ಖಾಲಿ. ಮೊದಲ ಗಂಟೆಯ ನೀರು ನೋಡಿ "ಎಷ್ಟು ಸಂಭಾವಿತ ಹೊಳೆ ಇದು" ಅಂದವನು ಮೂರನೆಯ ಗಂಟೆಗೆ ಅದೇ ಜಾಗದಲ್ಲಿ ಹುಟ್ಟು ಹಾಕಿಯೂ ನಿಂತಲ್ಲೇ ನಿಂತಿರುತ್ತಾನೆ. ದಡದ ತೆಂಗಿನ ಮರ ಹಿಂದೆ ಸರಿಯುವುದೇ ಇಲ್ಲ! ಅಳಿವೆಯ ಹತ್ತಿರ, ಹೊಳೆಯ ಕೊರಳು ಕಿರಿದಾದಲ್ಲಿ, ಕೇಳುವುದೇ ಬೇಡ. ಹೊಸಬ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋದರೆ ಅದೇ ದೊಡ್ಡದು. ಅಷ್ಟನ್ನೂ ನೀರು ತಿಂದುಹಾಕಬಹುದು.

ಇನ್ನು ತಿಥಿ. ಇದಕ್ಕೆ ಮೊಬೈಲು ಬೇಕೆಂದಿಲ್ಲ, ಪ್ರತಿ ಅಂಗಡಿಯ ಗೋಡೆಗೂ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಇದೆ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನ, ಮೂರನೇ ದಿನ ನೀರಿನ ಏರಿಳಿತ ದೊಡ್ಡದು. ನಮ್ಮ ಕಡೆ ಒಂದೂವರೆ ಮೀಟರಿನ ಮೇಲೆ ಹೋಗುತ್ತದೆ. ಅಷ್ಟಮಿಯ ಸುತ್ತ ಸಣ್ಣದು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕಾರವಾರದ ಸುತ್ತ ಹುಣ್ಣಿಮೆ ಅಮಾವಾಸ್ಯೆಗೆ ಹಗಲಿನ ಭರತ ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಅಂದರೆ ಅಂದಾಜು 11 ಗಂಟೆಯ ಆಚೀಚೆ ತುಂಬುತ್ತದೆ. ದಿನದ ಎರಡು ಇಳಿತಗಳು ಒಂದೇ ಅಳತೆಯವಲ್ಲ, ಯಾವುದು ದೊಡ್ಡದೆಂಬುದು ಋತುವಿಗೆ ತಕ್ಕಂತೆ ಬದಲಾಗುತ್ತದೆ. ನಿಖರ ಹೊತ್ತು ಬೇಕಾದವರು ಆ ದಿನದ ಭರತ-ಇಳಿತದ ಪಟ್ಟಿಯನ್ನೇ ನೋಡಬೇಕು. ಆದರೂ ಅಂದಾಜಿಗೆ ಗೋಡೆಯ ಕ್ಯಾಲೆಂಡರ್ ಸಾಕು.

ಈಗ ಎರಡನ್ನೂ ಕೂಡಿಸಿ. ಹುಣ್ಣಿಮೆ ಭಾನುವಾರಕ್ಕೆ ಬಿತ್ತು ಅನ್ನಿ. ಹುಬ್ಬಳ್ಳಿಯಿಂದಲೋ ಬೆಂಗಳೂರಿಂದಲೋ ಅತಿಥಿ ಬಂದ. ಬೆಳಿಗ್ಗೆ ದೇವಸ್ಥಾನ, 12 ಗಂಟೆಗೆ ಮೀನೂಟ, ಆಮೇಲೆ "ಒಂದು ಸುತ್ತು ಹೋಗಿ ಬರ್ತೇನೆ" ಅಂತ ಒಬ್ಬನೇ ಕಯಾಕ್ ಹತ್ತಿದ. ಗಂಟೆ ಎಷ್ಟು? ಒಂದರಿಂದ ಮೂರು. ಡಜನ್‌ನಲ್ಲಿ ಆರು ಬಾಳೆಹಣ್ಣು ಖಾಲಿಯಾಗುವ ಹೊತ್ತು ಅದೇ! ನೀರು ಅಳಿವೆಯ ಕಡೆಗೆ ಎಳೆಯುತ್ತಿದೆ. ಅವನಿಗೋ ಖುಷಿ, ಹುಟ್ಟು ಹಾಕದೆಯೇ ದೋಣಿ ಓಡುತ್ತಿದೆಯಲ್ಲ! ಅದೇ ಹೊತ್ತಿಗೆ ಕಡಲಿನಿಂದ ಮಧ್ಯಾಹ್ನದ ಗಾಳಿ ಎದ್ದಿರುತ್ತದೆ. ನೀರು ಪಶ್ಚಿಮಕ್ಕೆ, ಗಾಳಿ ಪೂರ್ವಕ್ಕೆ. ಎರಡೂ ಎದುರಾಬದುರಾದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಏಳುತ್ತದೆ. ಕೆಳಗೆ ಮರಳದಿನ್ನೆ. ಅದು ಕಳೆದ ವರ್ಷ ಇದ್ದಲ್ಲಿ ಈ ವರ್ಷ ಇರುವುದಿಲ್ಲ. ಹೊನ್ನಾವರದ ಅಳಿವೆಯಲ್ಲಿ ನುರಿತ ಮೀನುಗಾರರ ದೋಣಿಗಳೇ ಹೂಳಿಗೆ ಸಿಕ್ಕಿ ಒದ್ದಾಡುವುದು ನಮಗೆ ಹೊಸ ಸುದ್ದಿಯಲ್ಲ. ಅಲ್ಲಿಗೆ ಬಾಳೆಕಾಯಿ ದೋಣಿಯ ಅತಿಥಿ ಬಂದರೆ?

ಅಳಿವೆ ಏನು ಮಾಡಬಲ್ಲದು ಅನ್ನುವುದನ್ನು ಕಾರವಾರ ಮರೆತಿಲ್ಲ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಪುಟ್ಟ ಮಕ್ಕಳೂ ಇದ್ದರು. ಅದು ಒಂಟಿ ದೋಣಿಯಲ್ಲ, ಯಂತ್ರದ ದೋಣಿ. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದು, ಜಾಕೆಟ್ ಇಲ್ಲದ್ದು ಅವತ್ತು ಎಲ್ಲರ ಬಾಯಲ್ಲೂ ಬಂದ ಮಾತು. ಭರತ-ಇಳಿತದ ಮೇಲೆ ಆ ಪಾಪ ಹೊರಿಸುವುದು ಸರಿಯಲ್ಲ. ಆದರೆ ಜಾತ್ರೆ ನಡೆಯುವುದು ಪುಷ್ಯ ಹುಣ್ಣಿಮೆಗೆ, ದೋಣಿ ಮರಳುತ್ತಿದ್ದದ್ದು ಮಧ್ಯಾಹ್ನದ ಮೇಲೆ. ಹುಣ್ಣಿಮೆಯ ಮಧ್ಯಾಹ್ನ ಅಳಿವೆಯ ಬಾಯಿಯ ಹತ್ತಿರ ಎಲ್ಲದರಲ್ಲೂ ಸರಿಯಿದ್ದ ದೋಣಿಯೂ ಎಚ್ಚರದಿಂದ ಇರಬೇಕಾದ ಹೊತ್ತು ಎಂಬುದನ್ನಾದರೂ ಒಪ್ಪಬೇಕಲ್ಲ.

ಇದೇ ಕಾಳಿಯಲ್ಲಿ ಇನ್ನೊಬ್ಬರು ಹೇಗೆ ನಡೆದುಕೊಂಡರು ಕೇಳಿ. 1883ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. ಒಂದು ದಿನ ಸಣ್ಣ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ, ಶಿವಾಜಿ ಕಾಲದ ಕೋಟೆಯ ಹತ್ತಿರ ಇಳಿದು, ಒಬ್ಬ ರೈತನ ಮನೆಯಂಗಳದಲ್ಲಿ ಕೂತು, ಬೆಳದಿಂಗಳಲ್ಲಿ ದೋಣಿಯನ್ನು ಹರಿವಿಗೆ ಬಿಟ್ಟು ಮರಳಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಳಿವೆಗೆ ಬರುವಾಗ ಬಹಳ ಹೊತ್ತಾಗಿತ್ತು. ಆಗ ಏನು ಮಾಡಿದರು? ಕಡಲಿನ ಮೇಲೆ ದೋಣಿ ತಿರುಗಿಸಲಿಲ್ಲ. ಅಲ್ಲೇ ಇಳಿದು ಮರಳಿನ ಮೇಲೆ ಮನೆಯ ತನಕ ನಡೆದುಕೊಂಡು ಹೋದರು! ಊರಿನ ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ. ಅವರು ದೋಣಿಯಿಂದ ಇಳಿದ ಸಂಗತಿಯನ್ನೂ ಅಲ್ಲೊಂದು ಹಲಗೆಯಲ್ಲಿ ಬರೆದರೆ ಪದ್ಯ ಬರೆದದ್ದಕ್ಕಿಂತ ಹೆಚ್ಚು ಉಪಯೋಗವಾದೀತು.

ಹಾಗಾದರೆ ಹೋಗಲೇಬಾರದೋ? ಹಾಗೆಂದವರು ಯಾರು! ಅಷ್ಟಮಿಯ ಹತ್ತಿರದ ದಿನ ನೋಡಿ. ಆಗ ಬೆಳಿಗ್ಗೆ 11ರ ಸುಮಾರಿಗೆ ನೀರು ಪೂರ್ತಿ ಇಳಿದಿರುತ್ತದೆ, ಮಧ್ಯಾಹ್ನವೆಲ್ಲ ನಿಧಾನಕ್ಕೆ ಏರುತ್ತದೆ. ಏರುವ ನೀರು ನಿಮ್ಮನ್ನು ಕಡಲಿಗಲ್ಲ, ಊರಿನ ಕಡೆಗೆ ತಳ್ಳುತ್ತದೆ. ಕಡಲಗಾಳಿಯೂ ಬೆನ್ನಿಗೇ. ಹುಟ್ಟು ಕೈತಪ್ಪಿದರೂ ಗಜನಿ ಕಟ್ಟೆಗೋ ಯಾವುದೋ ಕುರ್ವೆಗೋ ಹೋಗಿ ತಾಗುತ್ತೀರಿ, ಅಲ್ಲಿ ಮನೆಗಳಿವೆ, ಜನರಿದ್ದಾರೆ. ಮಿರ್ಜಾನ ಕೋಟೆಯ ಕಡೆಯ ಕವಲು, ಐಗಳಕುರ್ವೆ, ಮಾಸೂರು ಕುರ್ವೆಗಳ ಸುತ್ತ, ಶರಾವತಿಯಲ್ಲಿ ಮಾವಿನಕುರ್ವೆಯ ಒಳಬದಿ, ಇವೆಲ್ಲ ಒಂಟಿ ದೋಣಿಗೆ ಹೇಳಿ ಮಾಡಿಸಿದ ನೀರು. ನಾಲ್ಕೂವರೆಗೆಲ್ಲ ತಿರುಗಿ ಬೆಳಕಿರುವಾಗಲೇ ದಡ ಸೇರಬೇಕು. ಕಾರ್ತಿಕದಿಂದ ಶಿವರಾತ್ರಿಯ ತನಕ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಯಾಕ್ ಮಾತೇ ಎತ್ತಬೇಡಿ.

ಮೂರು ಹೊಳೆಗಳೂ ಒಂದೇ ಸ್ವಭಾವದವು ಅಂತಲೂ ತಿಳಿಯಬೇಡಿ. ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ನೀರಿಗೆ ಮಳೆ ಮತ್ತು ಚಂದ್ರ, ಇಬ್ಬರೇ ಯಜಮಾನರು. ಶರಾವತಿಗೆ 1964ರ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆ. ಕಾಳಿಗೆ ಸೂಪಾದಿಂದ ಕದ್ರಾ ತನಕ ಸಾಲು ಸಾಲು. ಅಲ್ಲಿ ವಿದ್ಯುತ್ತಿಗೆ ನೀರು ಬಿಟ್ಟರೆ, ಮಳೆಗಾಲದಲ್ಲಿ ಗೇಟು ತೆರೆದರೆ, ಪಂಚಾಂಗ ಹೇಳಿದ್ದರ ಮೇಲೆ ಇನ್ನಷ್ಟು ಸೇರುತ್ತದೆ. ಕಾರವಾರ ಕೊಲ್ಲಿಯಲ್ಲಿ ಇನ್ನೊಂದು ವಿಷಯ. ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆಯ ನೀರು ನೌಕಾಪಡೆಯದು. ಗಾಳಿಗೆ ತೇಲಿಕೊಂಡು ಬಂದೆ ಅಂದರೆ ಅಲ್ಲಿ ಯಾರೂ ನಕ್ಕು ಬಿಟ್ಟುಬಿಡುವುದಿಲ್ಲ.

ಹಿನ್ನೀರಿನ ಒಳಗೂ ಒಂಟಿಯಾಗಿ ಹೋಗುವವನಿಗೆ ಎರಡು ಉರುಳುಗಳಿವೆ. ಒಂದು, ಕಾಂಡ್ಲಾ ನಡುವಿನ ಕಿರುಕವಲು. ಭರತದಲ್ಲಿ ನುಗ್ಗಿ, ಫೋಟೋ ಹೊಡೆಯುತ್ತ ಕೂತರೆ ಇಳಿತಕ್ಕೆ ದೋಣಿ ಕೆಸರಿನ ಮೇಲೆ ಕೂತುಬಿಡುತ್ತದೆ. ತಳ್ಳೋಣ ಅಂತ ಕೆಳಗಿಳಿದರೆ ಕಾಲು ಮೊಳಕಾಲು ಮೀರಿ ಹೂಳಿಗೆ ಹೋಗುತ್ತದೆ, ಬೇರಿಗೆ ಅಂಟಿದ ಚಿಪ್ಪುಗಳು ಅಂಗಾಲನ್ನು ಬ್ಲೇಡಿನ ಹಾಗೆ ಕುಯ್ಯುತ್ತವೆ. ಸಿಕ್ಕಿಬಿದ್ದರೆ ಇಳಿಯಲೇಬಾರದು. ದೋಣಿಯಲ್ಲೇ ಕೂತು ನೀರು ಮರಳುವ ತನಕ ಕಾಯಬೇಕು, ನಾಲ್ಕೋ ಆರೋ ಗಂಟೆ. ಕುಡಿಯುವ ನೀರು ಒಯ್ಯದವನಿಗೆ ಸುತ್ತಲೂ ನೀರಿದ್ದೂ ಗಂಟಲು ಒಣಗುತ್ತದೆ. ಎರಡು, ಗಜನಿ ಕಟ್ಟೆಯ ಹಲಗೆಬಾಗಿಲು. ಇಳಿತದ ಹೊತ್ತಿಗೆ ಅದನ್ನು ತೆಗೆದರೆ ಗದ್ದೆಯ ನೀರೆಲ್ಲ ಆ ಒಂದು ಕಂಡಿಯಿಂದ ಭೋರ್ಗರೆದು ಹೊರಬೀಳುತ್ತದೆ. ಭರತದಲ್ಲಿ ಒಳಗೆ ಎಳೆಯುತ್ತದೆ. ಬಾಯಿಗೆ ಬಲೆ ಬೇರೆ ಕಟ್ಟಿರುತ್ತಾರೆ. ಹತ್ತಿರ ಹೋಗಿ ಇಣುಕುವ ಕೆಲಸ ಬೇಡ. ಬಲೆ ಹರಿದರೆ ನಷ್ಟ ಬಡವನದು. ಅವನು ಬೈದರೆ ಹೊರಗಿನವರಿಗೆ ಒರಟ ಅನ್ನಿಸುತ್ತಾನೆ.

ಆ ಬಡವನ ಮಾತು ಬಂದದ್ದರಿಂದ ಹೇಳಬೇಕು. ನಮ್ಮ ನೀರಿನಲ್ಲಿ ಯಾರಿಗೇ ಆಪತ್ತು ಬಂದರೂ ಮೊದಲು ದೋಣಿ ಬಿಡುವವನು ಅವನೇ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಮುರಿದು ಲಾರಿಯೊಂದು ಹೊಳೆಗೆ ಬಿತ್ತು. ಮಳೆಗಾಲದ ಹೊಳೆ, ಕತ್ತಲೆ. ಲಾರಿಯ ಚಾಲಕನನ್ನು ಜೀವಂತ ಎತ್ತಿ ತಂದವರಲ್ಲಿ ಸ್ಥಳೀಯ ಮೀನುಗಾರರಿದ್ದರು, ಪೊಲೀಸರಿದ್ದರು. ಹೀಗೆ ಹೋದವನ ಅವತ್ತಿನ ಡೀಸೆಲ್ಲು, ಅವತ್ತಿನ ಮೀನು, ಎರಡನ್ನೂ ಯಾರು ಕೊಡುತ್ತಾರೆ? ಮೋಜಿಗೆ ಹೊರಟವನು ಹೊರಡುವ ಮೊದಲು ಇದನ್ನೂ ಸ್ವಲ್ಪ ಯೋಚಿಸಲಿ.

ದುರಂತವಾದರೆ ಆಡಳಿತ ಮಾಡುವುದು ಒಂದೇ ಕೆಲಸ, ಬಂದ್. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿದ ಮೇಲೂ ತೀರಕ್ಕೆ ಪ್ರವೇಶ ನಿಲ್ಲಿಸಿದರು. ಆ ಹೊತ್ತಿಗೆ ಅದು ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬಂದ್ ಮಾಡಿದರೆ ಚಹದಂಗಡಿಗೂ ಬಂದ್, ಆಟೋಕ್ಕೂ ಬಂದ್, ಎಳನೀರಿನವನಿಗೂ ಬಂದ್. ನಾಲ್ಕು ದಿನ ಬಿಟ್ಟು ತೆರೆದಾಗ ಜನ ಮತ್ತೆ ಮೊದಲಿನಷ್ಟೇ ಅಜ್ಞಾನದಲ್ಲಿ ನೀರಿಗಿಳಿಯುತ್ತಾರೆ. ಅಘನಾಶಿನಿಯ ಅಳಿವೆ ಪ್ರದೇಶ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ, ಲೋಕದ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಹೆಸರು ಬಂದ ಮೇಲೆ ನೋಡಲಿಕ್ಕೆ ಜನ ಬರುವುದು ಹೆಚ್ಚೇ ಹೊರತು ಕಡಿಮೆಯಾಗದು.

ನಮ್ಮ ಬೇಡಿಕೆ ದೊಡ್ಡದಲ್ಲ. ತದಡಿ, ಹೊನ್ನಾವರ, ಕೋಡಿಬಾಗ, ಎಲ್ಲೆಲ್ಲಿ ಜನ ದೋಣಿ ಹತ್ತುತ್ತಾರೋ ಅಲ್ಲೆಲ್ಲ ಒಂದೊಂದು ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು: ಇವತ್ತಿನ ತಿಥಿ, ಭರತ ಎಷ್ಟಕ್ಕೆ, ಇಳಿತ ಎಷ್ಟಕ್ಕೆ, ಯಾವ ಹೊತ್ತಿನಿಂದ ಯಾವ ಹೊತ್ತಿನ ತನಕ ಅಳಿವೆಯ ಕಡೆ ಹೋಗಕೂಡದು. ಅಡಿಕೆ ಪೇಟೆಯಲ್ಲಿ ದಿನದ ದರ ಬರೆಯುವುದಿಲ್ಲವೇ, ಹಾಗೆ. ಪಂಚಾಯತಿಗೆ ಪುರಸೊತ್ತಿಲ್ಲದಿದ್ದರೆ ದಕ್ಕೆಯ ಪಕ್ಕದ ಅಂಗಡಿಯವರೇ ಬರೆಯಬಹುದು. ಜೊತೆಗೆ ಗಲ್ಲಾದ ಹತ್ತಿರ ಒಂದು ಹಳೆ ಲೆಕ್ಕದ ಪುಸ್ತಕ ಇಡಿ. ಒಬ್ಬನೇ ಹೋಗುವವನು ಅದರಲ್ಲಿ ಹೆಸರು, ಹೋಗುವ ದಿಕ್ಕು, ಮರಳುವ ಗಂಟೆ ಬರೆದು ಹೋಗಬೇಕು. ಬಂದ ಮೇಲೆ ಗೀಟು ಎಳೆಯಬೇಕು. ಬರೆದ ಗಂಟೆ ದಾಟಿ ಅರ್ಧ ತಾಸಾದರೂ ಗೀಟು ಬೀಳದಿದ್ದರೆ 112ಕ್ಕೆ ಫೋನು. ಅಳಿವೆ ದಾಟಿ ಕಡಲಿಗೆ ಹೋದ ಅನುಮಾನವಿದ್ದರೆ ಕರಾವಳಿ ಕಾವಲು ಪಡೆಯ 1554.

ಇನ್ನು ಬಾಡಿಗೆಗೆ ದೋಣಿ ಕೊಡುವವರಿಗೆ ಒಂದು ಮಾತು. ಕೊಕ್ಕೆ ಮುರಿದ, ಬಿಸಿಲಿಗೆ ಬಣ್ಣ ಹಾರಿದ ಜಾಕೆಟ್ಟನ್ನು ದಾರದಲ್ಲಿ ಕಟ್ಟಿ ಕೊಡುವ ಚಾಳಿ ಬಿಡಿ. ತೊಟ್ಟವನ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯ ತನಕ ಬಂದರೆ ಅದು ನೀರಿನಲ್ಲೂ ಹಾಗೇ ಕಳಚಿ ಮೇಲೆ ಬರುತ್ತದೆ, ಆಸಾಮಿ ಕೆಳಗೆ ಹೋಗುತ್ತಾನೆ. ಹೊಸಬನನ್ನು ಮೊದಲು ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಒಂದು ಸಲ ಮಗುಚಿಸಿ, ಮತ್ತೆ ತಾನಾಗಿ ದೋಣಿ ಹತ್ತಲು ಬರುತ್ತದೋ ನೋಡಿ. ಬಾರದಿದ್ದರೆ ಅವನನ್ನು ಒಬ್ಬನೇ ಕಳಿಸಬೇಡಿ, ದುಡ್ಡು ಎಷ್ಟೇ ಕೊಡಲಿ. ಮಗುಚಿದರೆ ದೋಣಿ ಬಿಟ್ಟು ದಡಕ್ಕೆ ಈಜಲು ಹೋಗಬಾರದೆಂದೂ ಹೇಳಿಕೊಡಿ. ದೋಣಿ ತೇಲುತ್ತದೆ, ದೂರದಿಂದ ಕಾಣುತ್ತದೆ. ಒಂಟಿ ತಲೆ ಕಾಣುವುದಿಲ್ಲ.

ಮತ್ತೆ ಪ್ರತಿ ಜಾಕೆಟ್ಟಿಗೂ ದಾರದಲ್ಲಿ ಒಂದು ಸೀಟಿ ಕಟ್ಟಿ. ಬಸ್ಸಿನ ಕಂಡಕ್ಟರು ಊದುತ್ತಾನಲ್ಲ, ಅಂಥದ್ದೇ. ಎದುರು ಗಾಳಿಯಲ್ಲಿ ಕೂಗಿದ್ದು ನಾಲ್ಕು ಮಾರು ದಾಟುವುದಿಲ್ಲ, ಮೊಬೈಲು ಒದ್ದೆಯಾದರೆ ಮುಗಿಯಿತು. ಸೀಟಿಯ ಸದ್ದು ನೀರಿನ ಮೇಲೆ ಆಚೆ ದಡದ ತನಕ ಹೋಗುತ್ತದೆ. ಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಒಳಗೆ ಗೋಲಿ ಇಲ್ಲದ್ದು ಕೇಳಿ ತೆಗೆದುಕೊಳ್ಳಿ, ಗೋಲಿಯದ್ದು ನೆನೆದರೆ ಅಂಟಿಕೊಳ್ಳುತ್ತದೆ.